ಚಿಕ್ಕ ಹಳಿ, ಚಿಕ್ಕ ಎಂಜಿನ್: ನಮ್ಮ ತಾಲ್ಲೂಕುಗಳಿಗೆ ರೈಲು ಬಂದ ಬಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಭಾಗದ ಚರಿತ್ರೆಯ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಪಾಳೆಯಗಾರರ ಬಗ್ಗೆ, ನಂದಿ ಬೆಟ್ಟದ ಬಗ್ಗೆ, ವಿದುರಾಶ್ವತ್ಥದ ಬಗ್ಗೆ ಬರೆಯಬಲ್ಲವರು ಬೇರೆ ಇದ್ದಾರೆ. ನಾನು ರೈಲಿನ ವಿಷಯ ಆರಿಸಿಕೊಂಡಿದ್ದೇನೆ. ನಾನು ಸಮಾಜ ಪಾಠ ಮಾಡುತ್ತಿದ್ದ ಕಾಲದಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: “ಸಾರ್, ಗೌರಿಬಿದನೂರಿಗೆ ದೊಡ್ಡ ರೈಲು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗೆ ಮಾತ್ರ ಚಿಕ್ಕ ರೈಲು ಯಾಕೆ?” ಸರ್ಕಾರದ ಅಸಡ್ಡೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಿಜವಾದ ಉತ್ತರ ಎಂಜಿನ್ನಿನ ತೂಕದಲ್ಲಿದೆ.

ಗೌರಿಬಿದನೂರಿನ ವಿಷಯ ಸುಲಭ. ಅದು ಬೆಂಗಳೂರಿನಿಂದ ಹಿಂದೂಪುರದ ಮೇಲೆ ಗುಂತಕಲ್ಲಿಗೆ ಹೋಗುವ ದಾರಿಯಲ್ಲಿತ್ತು. 1890ರ ದಶಕದ ಆರಂಭದಲ್ಲೇ ಅಲ್ಲಿ ಮೀಟರ್ ಗೇಜ್ ಹಳಿ ಬಿತ್ತು. ದೂರದೂರಿಗೆ ಹೋಗುವ ಗಾಡಿಗಳು ನಡುವೆ ಸಿಕ್ಕಿದ ಗೌರಿಬಿದನೂರಿನಲ್ಲೂ ನಿಂತವು. ಉಳಿದ ಮೂರು ಊರುಗಳು ಯಾವ ಹೆದ್ದಾರಿಯ ನಡುವೆಯೂ ಇರಲಿಲ್ಲ. ಅಲ್ಲಿಗೆ ರೈಲು ಬರಬೇಕಾದರೆ ಅಗ್ಗದಲ್ಲಿ ಬರಬೇಕಿತ್ತು.

ರೈಲು ದಾರಿಯ ಖರ್ಚನ್ನು ಬಹುಮಟ್ಟಿಗೆ ನಿರ್ಧರಿಸುವುದು ಒಂದು ಅಚ್ಚಿನ ಮೇಲೆ ಬೀಳುವ ಭಾರ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚಿನ ಮೇಲೆ ಭಾರ ಹೆಚ್ಚಿದರೆ ಹಳಿ ದಪ್ಪವಾಗಬೇಕು, ಸ್ಲೀಪರ್ ಹತ್ತಿರ ಹತ್ತಿರ ಬೇಕು, ಸೇತುವೆ ಗಟ್ಟಿಯಾಗಬೇಕು. ಇಡೀ ಗಾಡಿಯಲ್ಲಿ ಹೆಚ್ಚು ಭಾರ ಇರುವುದು ಎಂಜಿನ್ನಿಗೇ. ಹಾಗಾಗಿ ಎಂಜಿನ್ನಿನ ನಕ್ಷೆ ಬರೆದವನೇ ಒಂದರ್ಥದಲ್ಲಿ ಯಾವ ಊರಿಗೆ ರೈಲು ಹೋಗಬಹುದು ಎಂಬುದನ್ನೂ ಬರೆಯುತ್ತಿದ್ದ.

ಈ ಲೆಕ್ಕವನ್ನು ಸರಿಯಾಗಿ ಹಿಡಿದವನು ಎವರಾರ್ಡ್ ಕಾಲ್ತ್ರೋಪ್ ಎಂಬ ಇಂಗ್ಲಿಷ್ ಎಂಜಿನಿಯರ್. ಮಹಾರಾಷ್ಟ್ರದ ಬಾರ್ಸಿಯಲ್ಲಿ ಅವನು ಎರಡೂವರೆ ಅಡಿ ಅಗಲದ ರೈಲು ದಾರಿ ಮಾಡಿಸಿದ. 1897ರಲ್ಲಿ ಅದು ಆರಂಭವಾಯಿತು. ಮುಂದೆ ಪಂಢರಪುರದವರೆಗೂ ಹೋಗಿ, ವಿಠ್ಠಲನ ಯಾತ್ರಿಕರನ್ನು ಹೊತ್ತ ದಾರಿ ಅದೇ. ಎಂಜಿನ್ ಇರಲಿ, ಡಬ್ಬಿ ಇರಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಎಂಬುದು ಅವನ ನಿಯಮ. ಅದಕ್ಕಾಗಿ ಲೀಡ್ಸ್‌ನ ಕಿಟ್ಸನ್ ಕಾರ್ಖಾನೆಯಿಂದ ಟ್ಯಾಂಕ್ ಎಂಜಿನ್ ಮಾಡಿಸಿದ. ಎಳೆಯುವ ಎಂಟು ಗಾಲಿ, ಹಿಂದೆ ಭಾರ ಹೊರಲು ನಾಲ್ಕು ಗಾಲಿ. ಒಟ್ಟು ಆರು ಅಚ್ಚು. ಅಂದರೆ ನೀರು, ಕಲ್ಲಿದ್ದಲು ಎಲ್ಲ ಸೇರಿ ಎಂಜಿನ್ 30 ಟನ್ ಮೀರುವಂತಿಲ್ಲ. ಎಂಜಿನಿಯರುಗಳಲ್ಲಿ ಬಡವರ ಊರಿನ ಬಗ್ಗೆ ಇಷ್ಟು ಯೋಚನೆ ಮಾಡಿದವರು ಕಡಿಮೆ ಎಂದು ನನಗನ್ನಿಸುತ್ತದೆ. ಅವನು ಯೋಚಿಸಿದ್ದು ಕಂಪನಿಯ ಲಾಭಕ್ಕಾಗಿಯೇ ಇರಬಹುದು, ಆ ಮಾತು ಬೇರೆ.

ಟ್ಯಾಂಕ್ ಎಂಜಿನ್ ಎಂದರೆ ಏನು ಎಂದು ಈಗಿನ ಮಕ್ಕಳಿಗೆ ಹೇಳಬೇಕು. ದೊಡ್ಡ ಉಗಿಬಂಡಿಗೆ ನೀರು, ಕಲ್ಲಿದ್ದಲು ತುಂಬಲು ಹಿಂದೆ ‘ಟೆಂಡರ್’ ಎಂಬ ಬೇರೆ ಗಾಡಿ ಇರುತ್ತದೆ. ಟ್ಯಾಂಕ್ ಎಂಜಿನ್ನಿಗೆ ಅದಿಲ್ಲ. ಬಾಯ್ಲರ್‌ನ ಎರಡು ಪಕ್ಕದಲ್ಲಿ, ಎತ್ತಿನ ಬೆನ್ನಿನ ಮೇಲೆ ಇಳಿಬಿಟ್ಟ ಹೇರಿನಂತೆ, ನೀರಿನ ತೊಟ್ಟಿಗಳು. ಡ್ರೈವರ್ ನಿಲ್ಲುವ ಜಾಗದ ಹಿಂದೆ ಕಲ್ಲಿದ್ದಲಿನ ಪೆಟ್ಟಿಗೆ. ನೀರಿನ ಭಾರ ಎಳೆಯುವ ಗಾಲಿಗಳ ಮೇಲೆ ಬೀಳುವುದರಿಂದ ಗಾಲಿ ಜಾರುವುದಿಲ್ಲ. ಹಿಂದುಮುಂದಾಗಿಯೂ ಚೆನ್ನಾಗಿ ಓಡುತ್ತದೆ. ಆದ್ದರಿಂದ ಕೊನೆಯ ನಿಲ್ದಾಣದಲ್ಲಿ ಎಂಜಿನ್ ತಿರುಗಿಸಲು ಟರ್ನ್ ಟೇಬಲ್ ಕಟ್ಟುವ ಖರ್ಚಿಲ್ಲ. ಕೊರತೆಯೂ ಅಲ್ಲೇ ಇದೆ. ನೀರು ಖರ್ಚಾದಂತೆ ಹಿಡಿತ ಕಡಿಮೆಯಾಗುತ್ತದೆ, ತೊಟ್ಟಿ ಚಿಕ್ಕದಾದ್ದರಿಂದ ಬೇಗ ಬೇಗ ನೀರು ಕುಡಿಸಬೇಕು. ಗಾಡಿ ನಿಲ್ಲುತ್ತ ನಿಲ್ಲುತ್ತ ಹೋಗುವ ಪ್ಯಾಸೆಂಜರ್‌ಗೆ ಇದು ಹೇಳಿ ಮಾಡಿಸಿದ್ದು, ದೂರದ ಮೇಲ್‌ಗೆ ಅಲ್ಲ.

ಆಗ ಇನ್ನೊಂದು ತೊಡಕಿತ್ತು. ಒಂದೊಂದು ರೈಲ್ವೆ ಕಂಪನಿಯೂ ತನಗೆ ಬೇಕಾದ ನಮೂನೆಯ ಎಂಜಿನ್ ತರಿಸುತ್ತಿತ್ತು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದದು, ರಿಪೇರಿಗೆ ವಿಲಾಯಿತಿಯಿಂದ ಹಡಗು ಬರುವವರೆಗೆ ಕಾಯಬೇಕು. 1901ರಲ್ಲಿ ಲಂಡನ್ನಿನಲ್ಲಿ ಸ್ಟ್ಯಾಂಡರ್ಡ್ಸ್ ಸಮಿತಿ ಹುಟ್ಟಿತು. 1903ರಲ್ಲಿ ಭಾರತಕ್ಕೆಂದು ಮೊದಲ ಮಾದರಿ ಎಂಜಿನ್ನುಗಳ ನಕ್ಷೆ ಬಂತು. ಕೆಲವೇ ವರ್ಷಗಳಲ್ಲಿ ಬ್ರಾಡ್ ಗೇಜಿಗೆ ಒಂದು ಭಾರಿ ಟ್ಯಾಂಕ್ ಎಂಜಿನ್ ಕೂಡ ಆ ಪಟ್ಟಿಗೆ ಸೇರಿತು: ಮುಂದೆ ಎರಡು, ನಡುವೆ ಎಳೆಯುವ ಆರು, ಹಿಂದೆ ನಾಲ್ಕು ಗಾಲಿ. 1920ರ ದಶಕದಲ್ಲಿ ಮತ್ತೆ ಹೊಸ ಮಾದರಿಗಳನ್ನು ಮಾಡಿದಾಗ ಬ್ರಾಡ್ ಗೇಜಿಗೆ ಎಕ್ಸ್, ಮೀಟರ್ ಗೇಜಿಗೆ ವೈ, ಎರಡೂವರೆ ಅಡಿಗೆ ಝಡ್ ಎಂದು ಅಕ್ಷರ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಗೌರಿಬಿದನೂರು ವೈ ಪಾಲಿಗೆ ಬಂತು, ಉಳಿದವರು ಕೊನೆಯ ಅಕ್ಷರದವರು!

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರು, ಮುದ್ದೇನಹಳ್ಳಿಯವರು, ನಮ್ಮವರೇ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿಯ ಹಳಿ ಬಂತು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಬಂತು. ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಎರಡೂ ಕೂಡಿಕೊಂಡವು. ಅಷ್ಟು ದೊಡ್ಡ ಎಂಜಿನಿಯರ್ ತಮ್ಮ ಸ್ವಂತ ಸೀಮೆಗೆ ಇಷ್ಟು ಸಣ್ಣ ರೈಲು ಕೊಟ್ಟರಲ್ಲ ಎಂದು ಆಡುವವರನ್ನು ಕಂಡಿದ್ದೇನೆ. ನಾನು ಒಪ್ಪುವುದಿಲ್ಲ. ಮೀಟರ್ ಗೇಜೇ ಬೇಕೆಂದು ಕೂತಿದ್ದರೆ ಯುದ್ಧಕಾಲದಲ್ಲಿ ಈ ಒಣ ಸೀಮೆಗೆ ಯಾವ ಹಳಿಯೂ ಬೀಳುತ್ತಿರಲಿಲ್ಲ.

ಆದರೆ ಅಗ್ಗದ ಬೆಲೆಯನ್ನು ಆಮೇಲೆ ತೆತ್ತದ್ದೂ ನಾವೇ. ಬಂಗಾರಪೇಟೆಯ ಕಡೆ ಬ್ರಾಡ್ ಗೇಜ್, ಯಲಹಂಕದ ಕಡೆ ಮೀಟರ್ ಗೇಜ್, ನಡುವೆ ನಮ್ಮದು. ಎರಡು ಕೊನೆಯಲ್ಲೂ ಮೂಟೆ ಇಳಿಸಿ ಬೇರೆ ಗಾಡಿಗೆ ಏರಿಸಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನಂಥ ಸೂಕ್ಷ್ಮ ಸರಕನ್ನು ಹಾಗೆ ಎತ್ತಿ ಇಳಿಸುತ್ತ ಕೂರಲು ಯಾರಿಗೆ ವ್ಯವಧಾನ? ಬಸ್ಸು, ಲಾರಿ ಬಂದ ಮೇಲೆ ವ್ಯಾಪಾರ ರಸ್ತೆಗೆ ಹೋಯಿತು. ರೈಲಿಗೆ ಉಳಿದವರು ಹಳ್ಳಿಯವರು, ಸಂತೆಯವರು, ನಮ್ಮಂಥ ವಿದ್ಯಾರ್ಥಿಗಳು. ನಿಲ್ದಾಣದಲ್ಲಿ ಎಂಜಿನ್ ನೀರು ಕುಡಿಯುವಾಗ ಇಳಿದು, ಕಡಲೆಕಾಯಿ ಕೊಂಡು, ಓಡಿಬಂದು ಹತ್ತಿದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ.

ಗೌರಿಬಿದನೂರಿನ ದಾರಿ 1980ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗಿನದು 1990ರ ದಶಕದಲ್ಲಿ. ಶಿಡ್ಲಘಟ್ಟ, ಚಿಂತಾಮಣಿಯವರು ಮಾತ್ರ ಹಳೆಯ ರೈಲನ್ನು ಕಳೆದುಕೊಂಡು ಹೊಸದಕ್ಕಾಗಿ ವರ್ಷಗಟ್ಟಲೆ ಕಾದರು. ಕೋಲಾರದವರೆಗೆ ಬ್ರಾಡ್ ಗೇಜ್ ಗಾಡಿ ಓಡಿದ್ದು 2013ರಲ್ಲಿ. 762 ಮಿಲಿಮೀಟರ್ ಇದ್ದ ಹಳಿಯ ಅಗಲ ಈಗ 1,676 ಮಿಲಿಮೀಟರ್.

ನಂದಿಯ ಹಳೆಯ ನಿಲ್ದಾಣದ ಕಟ್ಟಡ ಇನ್ನೂ ಇದೆ; ಬೆಟ್ಟಕ್ಕೆ ಹೋಗುವವರು ನೋಡಬಹುದು. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಆ ಚಿಕ್ಕ ರೈಲಿನ ಫೋಟೋ, ಟಿಕೆಟ್, ಪಾಸು ಏನಾದರೂ ಉಳಿದಿದ್ದರೆ ದಯವಿಟ್ಟು ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ. ರೈಲ್ವೆಯಲ್ಲಿ ಕೆಲಸ ಮಾಡಿದ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ, ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳಿ.