ದ್ರವ ಮತ್ತು ಸ್ಫಟಿಕ ಬುದ್ಧಿಶಕ್ತಿ

ಬುದ್ಧಿಶಕ್ತಿಯನ್ನು ಎರಡು ಬಗೆಯಾಗಿ ವಿಂಗಡಿಸುವ ಮನೋವೈಜ್ಞಾನಿಕ ಸಿದ್ಧಾಂತ. ಬ್ರಿಟನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರೇಮಂಡ್ ಕ್ಯಾಟೆಲ್ (1905–1998) 1940ರ ದಶಕದಲ್ಲಿ ಇದನ್ನು ಮಂಡಿಸಿದ. ಶಿಷ್ಯ ಜಾನ್ ಹಾರ್ನ್ 1960ರ ದಶಕದಲ್ಲಿ ವಿಸ್ತರಿಸಿದ.

ಹಿಂದೆ ಕಂಡಿರದ ಸಮಸ್ಯೆಯನ್ನು ತರ್ಕದಿಂದ ಬಿಡಿಸುವ ಸಾಮರ್ಥ್ಯ ದ್ರವ ಬುದ್ಧಿಶಕ್ತಿ. 1938ರಲ್ಲಿ ಪ್ರಕಟವಾದ ರೇವನ್ ಆಕೃತಿ ಪರೀಕ್ಷೆ ಇದನ್ನು ಅಳೆಯಲು ಬಳಕೆಯಲ್ಲಿದೆ. ಓದು, ಅನುಭವಗಳಿಂದ ಕೂಡಿಬಂದ ಪದಸಂಪತ್ತು, ಸಾಮಾನ್ಯಜ್ಞಾನ, ಕಸಬಿನ ತಿಳಿವಳಿಕೆ ಸ್ಫಟಿಕ ಬುದ್ಧಿಶಕ್ತಿ. ಮೊದಲನೆಯದು ಯೌವನದ ಅನಂತರ ಕ್ರಮೇಣ ಇಳಿಯುತ್ತದೆ. ಎರಡನೆಯದು ಸಾಮಾನ್ಯವಾಗಿ ಅರವತ್ತರವರೆಗೂ, ಅದರಾಚೆಗೂ ಉಳಿಯುತ್ತದೆ. ಹೊಸ ಫೋನಿನ ಮುಂದೆ ತಡವರಿಸುವ ಹಿರಿಯರು ಪದಬಂಧವನ್ನು ಕಿರಿಯರಿಗಿಂತ ಚೆನ್ನಾಗಿ ತುಂಬಬಲ್ಲುದು ಇದರಿಂದಲೇ.

ಮಿದುಳಿನ ಕ್ಷಮತೆ: 65 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 2,832 ಅಮೆರಿಕನ್ನರನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜ್ಞಾಪಕ, ತರ್ಕ, ವೇಗಗಳ ತರಬೇತಿ ಆಯಾ ಕೌಶಲವನ್ನಷ್ಟೇ ಹೆಚ್ಚಿಸಿತು, ಎರಡು ವರ್ಷಗಳಲ್ಲಿ ಅದರ ಫಲ ದಿನಬಳಕೆಯ ಕೆಲಸಗಳಿಗೆ ಹರಡಲಿಲ್ಲ. ಹಾಗಾಗಿ ಮಿದುಳಿನ ಕ್ಷಮತೆ ಕಾಯ್ದುಕೊಳ್ಳಲು ಒಗಟು ಬಿಡಿಸುವುದಷ್ಟೇ ಸಾಲದು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ (ಮರೆಗುಳಿ ರೋಗಕ್ಕೆ) ಕಾರಣವಾಗಬಲ್ಲ, ತಡೆಯಬಹುದಾದ 14 ಅಂಶಗಳನ್ನು ಗುರುತಿಸಿದೆ. ಶಿಕ್ಷಣದ ಕೊರತೆ, ಕಿವುಡುತನ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ದೈಹಿಕ ನಿಷ್ಕ್ರಿಯತೆ, ಸಾಮಾಜಿಕ ಒಂಟಿತನ ಅವುಗಳಲ್ಲಿ ಸೇರಿವೆ.