ಅಷ್ಟೂರಿನ ಗೋಡೆಗಳಲ್ಲಿ ಕೆಂಪು ಮತ್ತು ನೀಲಿ

ಬೀದರ್ ನಗರದ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ 1422ರಿಂದ 1436ರವರೆಗೆ ಆಳಿದ ಅಹಮದ್ ಶಾ ವಲಿಯ ಗೋರಿಯ ಒಳಕೋಣೆ ದಖ್ಖನಿನ ಬಣ್ಣಗಾರಿಕೆಯ ಶ್ರೇಷ್ಠ ಉದಾಹರಣೆ. ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದವನು ಈ ಸುಲ್ತಾನನೇ. ಇರಾನಿನ ಸೂಫಿ ಸಂತ ಶಾ ನಿಯಾಮತುಲ್ಲಾ ವಲಿಯಲ್ಲಿ ಅವನಿಗೆ ಅಪಾರ ಶ್ರದ್ಧೆಯಿತ್ತು. ಅವನ ಆಸ್ಥಾನಕ್ಕೆ ಇರಾನಿನ ವಿದ್ವಾಂಸರೂ ಕುಶಲಕರ್ಮಿಗಳೂ ಬಂದರು. ಆ ನಾಡಿನ ಬಣ್ಣದ ಅಭಿರುಚಿಯೂ ಅವರ ಜೊತೆ ಬಂತು.

ಗೋರಿಯ ಹೊರಮೈ ಸರಳವಾದ ಗಾರೆಯದು. ಒಳಗೆ ಕಾಲಿಟ್ಟರೆ ಗೋಡೆಯಿಂದ ಗುಮ್ಮಟದವರೆಗೂ ಬಳ್ಳಿ, ಹೂವು, ರೇಖಾವಿನ್ಯಾಸಗಳು ತುಂಬಿವೆ. ಕುಂಕುಮಗೆಂಪು ಮತ್ತು ಕಡುನೀಲಿ ನೆಲೆಗಳ ಮೇಲೆ ಬಂಗಾರದ ಅಕ್ಷರಗಳನ್ನು ಬರೆಯಲಾಗಿದೆ.

ಬಂಗಾರ ಒಂದೇ ಆದರೂ ಎರಡು ನೆಲೆಗಳಲ್ಲಿ ಅದರ ಗುಣ ಬೇರೆ. ಕೆಂಪೂ ಬಂಗಾರವೂ ಕಾವಿನ ಬಣ್ಣಗಳಾದ್ದರಿಂದ ಒಂದರಲ್ಲೊಂದು ಬೆರೆತು ಕೋಣೆಗೆ ಹೊಳಪು ಕೊಡುತ್ತವೆ. ಗೋಡೆ ಹತ್ತಿರ ಬಂದಂತೆ ತೋರುತ್ತದೆ. ತಂಪು ನೀಲಿ ಹಿಂದೆ ಸರಿದು ಅಕ್ಷರಗಳನ್ನು ಮುಂದೆ ನಿಲ್ಲಿಸುತ್ತದೆ. ಬೆಳಕು ಇಳಿದಾಗ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ಮಬ್ಬಿನಲ್ಲಿ ಮನುಷ್ಯನ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಉಳಿಯುತ್ತದೆ. 19ನೇ ಶತಮಾನದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ವಿವರಿಸಿದ. ಹೊರಬೆಳಕು ಕಡಿಮೆ ಬೀಳುವ ಇಂಥ ಕೋಣೆಯಲ್ಲಿ ಒಂದೇ ಬಣ್ಣ ಬಳಿದಿದ್ದರೆ ಈ ಸೊಗಸು ಸಿಗುತ್ತಿರಲಿಲ್ಲ.

ಅಹಮದ್ ಶಾ ವಲಿಯ ಮಗ ಎರಡನೇ ಅಲಾಉದ್ದೀನ್ ಅಹಮದ್ ಶಾನ (1436–1458) ಗೋರಿಯಲ್ಲಿ ಬಣ್ಣ ಹೊರಗೋಡೆಗೆ ಬಂತು. ಕೆತ್ತಿದ ಕಪ್ಪುಕಲ್ಲಿನ ಅಂಚುಗಳ ನಡುವೆ ನೀಲಿಯ ಮೆರುಗು ಹೆಂಚುಗಳನ್ನು ಕೂರಿಸಿದರು. ಬೀದರಿನಲ್ಲಿರುವ, ಬಹಮನಿ ಮಂತ್ರಿ ಮಹಮೂದ್ ಗಾವಾನನ 1472ರ ಮದರಸಾದ ಮುಂಭಾಗದಲ್ಲೂ ಇಂಥ ಹೆಂಚುಗೆಲಸವಿದೆ. ಎರಡೂ ಕಡೆ ಬಹುಪಾಲು ಹೆಂಚುಗಳು ಉದುರಿಹೋಗಿವೆ. ಬಹಮನಿಗಳ ನಂತರ ಬೀದರನ್ನು ಆಳಿದ ಅಲಿ ಬರೀದನ ಕಾಲದಲ್ಲಿ (1542–1580) ಬೀದರ್ ಕೋಟೆಯ ರಂಗೀನ್ ಮಹಲಿನ ಕೋಣೆಗಳಲ್ಲಿ ಬಣ್ಣಗಳ ವೈದೃಶ್ಯ ಮತ್ತೊಂದು ರೂಪ ತಾಳಿತು: ಕಪ್ಪುಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಕಪ್ಪು–ಬಿಳುಪಿನ ಬಳ್ಳಿಗಳನ್ನು ಬಿಡಿಸಿದರು.

ಅಹಮದ್ ಶಾ ವಲಿಯನ್ನು ಮುಸ್ಲಿಮರು ಸಂತನೆಂದು, ಲಿಂಗಾಯತರು ಅಲ್ಲಮಪ್ರಭುವಿನ ರೂಪವೆಂದು ಗೌರವಿಸುತ್ತಾರೆ; ವರ್ಷಕ್ಕೊಮ್ಮೆ ಇಲ್ಲಿ ಎರಡೂ ಸಮುದಾಯ ಕೂಡುವ ಜಾತ್ರೆ ನಡೆಯುತ್ತದೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಗೋರಿಯೊಳಗಿನ ವರ್ಣಚಿತ್ರಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಹೊರಗಿನ ಹೆಂಚುಗಳು ಮಳೆ–ಬಿಸಿಲಿಗೆ ಮೈಯೊಡ್ಡಿ ನಿಂತವು; ಒಳಗಿನ ಬಣ್ಣಕ್ಕೆ ದಪ್ಪ ಗೋಡೆಗಳ ಆಸರೆ ಸಿಕ್ಕಿತು. ದೀಪದ ಮಸಿ, ತೇವ ಮತ್ತು ಮುಟ್ಟುವ ಕೈಗಳಿಂದ ಅದನ್ನು ಕಾಪಾಡುವುದು ಈಗ ನೋಡಬರುವ ಪ್ರತಿಯೊಬ್ಬರ ಹೊಣೆ.