ಕಲುಷಿತ ನೀರಿನ ಮೀನು ಮತ್ತು ಅದರ ಕರುಳಿನ ಸೂಕ್ಷ್ಮಾಣುಗಳು: ಕೆ.ಆರ್.ಎಸ್. ಭಾಗದ ಮೀನು ಕೃಷಿಕರಿಗೆ ಮಾಹಿತಿ

ಚರಂಡಿ ನೀರು ಸೇರುವ ಕೆರೆಯಲ್ಲಿಯೂ ಸಾಮಾನ್ಯ ಗೆಂಡೆ ಮತ್ತು ಜಿಲೇಬಿ ಮೀನುಗಳು ಬದುಕಿರುವುದನ್ನು ಕಂಡು ನೀರು ಚೆನ್ನಾಗಿದೆ ಎಂದು ತೀರ್ಮಾನಿಸುವುದು ರೂಢಿ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಭತ್ತ, ಕಬ್ಬಿನ ಗದ್ದೆಗಳ ಬಸಿನೀರು ಹಾಗೂ ಊರಿನ ಕೊಳಚೆ ಕೆರೆಗಳಿಗೆ ಹರಿಯುವುದರಿಂದ ಈ ತೀರ್ಮಾನ ಅಪಾಯಕಾರಿಯಾಗಬಹುದು. ಮೀನು ಮಲಿನ ನೀರನ್ನು ತಾಳಿಕೊಳ್ಳುವುದರಲ್ಲಿ ಅದರ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳ ಪಾಲೂ ಇದೆ. ಆದರೆ ಆ ನೆರವಿಗೆ ಮಿತಿಯಿದೆ.

ಕರುಳಿನ ಬ್ಯಾಕ್ಟೀರಿಯಾಗಳ ಕಾರ್ಯ

ಕಾಟ್ಲಾ, ರೋಹು, ಮೃಗಾಲ್ ಮತ್ತು ಗೆಂಡೆ ಮೀನುಗಳಿಗೆ ಪ್ರತ್ಯೇಕ ಜಠರವಿಲ್ಲ. ನುಂಗಿದ ಆಹಾರ, ನೀರು ನೇರವಾಗಿ ಕರುಳನ್ನು ಸೇರುತ್ತವೆ. ಜಠರದ ಆಮ್ಲದ ತಡೆ ಇಲ್ಲದ ಕಾರಣ ಕೆರೆಯ ಸೂಕ್ಷ್ಮಾಣುಗಳು ಸುಲಭವಾಗಿ ಒಳಸೇರುತ್ತವೆ. ಅವುಗಳಲ್ಲಿ ಉಪಕಾರಿಗಳೂ ಇವೆ. ಸಿಟೋಬ್ಯಾಕ್ಟೀರಿಯಂ ಎಂಬ ಗುಂಪು ಮೀನಿಗೆ ಬೇಕಾದ ಬಿ12 ಜೀವಸತ್ವವನ್ನು ಉತ್ಪಾದಿಸುತ್ತದೆ. ಇನ್ನು ಕೆಲವು ಕರುಳಿನ ಒಳಪದರವನ್ನು ಆಕ್ರಮಿಸಿಕೊಂಡು, ರೋಗಕಾರಕ ಏರೋಮೊನಾಸ್‌ಗೆ ನೆಲೆ ಸಿಗದಂತೆ ಮಾಡುತ್ತವೆ. ಲ್ಯಾಕ್ಟೋಬ್ಯಾಸಿಲ್ಲಸ್ ಜಾತಿಯ ಕೆಲವು ತಳಿಗಳು ಕ್ಯಾಡ್ಮಿಯಂನಂತಹ ಭಾರ ಲೋಹವನ್ನು ತಮ್ಮ ಕೋಶಭಿತ್ತಿಗೆ ಅಂಟಿಸಿಕೊಂಡು ಮಲದೊಂದಿಗೆ ಹೊರಹೋಗುತ್ತವೆ. ಆಹಾರದಲ್ಲಿ ಇವನ್ನು ನೀಡಿದ ತಿಲಾಪಿಯಾ ಮೀನುಗಳ ದೇಹದಲ್ಲಿ ಕ್ಯಾಡ್ಮಿಯಂ ಸಂಗ್ರಹ ಕಡಿಮೆಯಾದುದನ್ನು ಪ್ರಯೋಗಗಳು ತೋರಿಸಿವೆ.

ಬ್ಯಾಕ್ಟೀರಿಯಾಗಳು ಶೀಘ್ರವಾಗಿ ಮರಿಹಾಕುವುದರಿಂದ ನೀರು ಬದಲಾದಂತೆ ಕರುಳಿನ ಸಮುದಾಯವೂ ಕೆಲವೇ ದಿನಗಳಲ್ಲಿ ಬದಲಾಗುತ್ತದೆ. ಮೀನಿನ ವಂಶವಾಹಿ ಬದಲಾಗಲು ಬೇಕಾಗುವ ತಲೆಮಾರುಗಳಿಗೆ ಹೋಲಿಸಿದರೆ ಇದು ಬಹಳ ತ್ವರಿತ ಹೊಂದಾಣಿಕೆ. ಆದರೆ ಬದಲಾವಣೆ ಸದಾ ಒಳ್ಳೆಯ ದಿಕ್ಕಿನಲ್ಲಿಯೇ ಆಗುವುದಿಲ್ಲ. ಕೀಟನಾಶಕ ಅಥವಾ ಲೋಹದ ಪ್ರಮಾಣ ಹೆಚ್ಚಾದಾಗ ಉಪಕಾರಿಗಳೇ ಮೊದಲು ಕ್ಷೀಣಿಸಿ ಏರೋಮೊನಾಸ್ ಮೇಲುಗೈ ಪಡೆಯಬಹುದು. ಆಗ ಮೈಮೇಲೆ ಕೆಂಪು ಹುಣ್ಣು, ಹೊಟ್ಟೆ ಉಬ್ಬರ ಕಾಣಿಸುತ್ತವೆ.

ಕೆ.ಆರ್.ಎಸ್. ನೀರಿನ ಅಧ್ಯಯನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನೊಂಗ್ತೊಂಬ ಅವರ ತಂಡವು ಕೆ.ಆರ್.ಎಸ್. ಅಣೆಕಟ್ಟೆಯ ಪ್ರದೇಶದಲ್ಲಿ ವೇಗವಾಗಿ ಹರಿಯುವ, ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನ ಮಾದರಿಗಳನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿತು. ನಿಧಾನ ಹರಿವಿನ ಹಾಗೂ ನಿಂತ ನೀರಿನಲ್ಲಿ ಕರಗಿದ ಆಮ್ಲಜನಕ ಬಹಳ ಕಡಿಮೆಯಿತ್ತು. ಸೂಕ್ಷ್ಮ ಪ್ಲಾಸ್ಟಿಕ್ ಕಣಗಳೂ ವಿಷಕಾರಿ ರಾಸಾಯನಿಕಗಳೂ ಪತ್ತೆಯಾದವು. ಆ ನೀರಿನಲ್ಲಿಟ್ಟ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಮೂಳೆಯ ವಿಕಾರ, ಹೃದಯಕ್ಕೆ ಹಾನಿ, ಡಿ.ಎನ್.ಎ. ಹಾನಿ ಕಂಡುಬಂದು ಸಾವಿನ ಪ್ರಮಾಣ ಏರಿತು. ನೀರಿನಿಂದ ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ನಂತರವೂ ದೋಷಗಳು ಉಳಿದವು.

ಈ ಫಲಿತಾಂಶವನ್ನು ಕರುಳಿನ ದೃಷ್ಟಿಯಿಂದ ನೋಡಬೇಕು. ಮೊಟ್ಟೆಯೊಳಗಿನ ಭ್ರೂಣಕ್ಕೆ ಕರುಳಿನ ಬ್ಯಾಕ್ಟೀರಿಯಾಗಳಿರುವುದಿಲ್ಲ; ಮರಿ ಹೊರಬಂದು ಬಾಯಿ ತೆರೆದ ಮೇಲೆಯೇ ಅವು ನೆಲೆಗೊಳ್ಳುತ್ತವೆ. ವಿಷಕ್ಕೆ ಅತಿ ಸುಲಭವಾಗಿ ತುತ್ತಾಗುವ ಹಂತದಲ್ಲಿ ಈ ರಕ್ಷಕರೇ ಇಲ್ಲ. ಆದುದರಿಂದ ಕೆರೆಯಲ್ಲಿ ದೊಡ್ಡ ಗೆಂಡೆ ಬದುಕಿದೆ ಎಂಬುದು ಅದೇ ನೀರಿನಲ್ಲಿ ಮರಿ ಬೆಳೆಯುತ್ತದೆ ಎಂಬುದಕ್ಕೆ ಆಧಾರವಾಗದು.

ಅನುಸರಿಸಬೇಕಾದ ಕ್ರಮಗಳು

ಮರಿ ಬಿಡುವ ಮುನ್ನ ಹತ್ತಿಪ್ಪತ್ತು ಮರಿಗಳನ್ನು ಸಣ್ಣ ಬಲೆಯ ಪಂಜರದಲ್ಲಿಟ್ಟು, ಅದೇ ನೀರಿನಲ್ಲಿ ಒಂದು ದಿನ ಗಮನಿಸಬೇಕು. ಖರ್ಚಿಲ್ಲದ ಈ ಪರೀಕ್ಷೆಯನ್ನು ಕೈಬಿಟ್ಟು ಸಾವಿರಾರು ಮರಿಗಳನ್ನು ಕಳೆದುಕೊಳ್ಳುವುದು ವಿವೇಕವಲ್ಲ. ಸೈಪರ್‌ಮೆಥ್ರಿನ್‌ನಂತಹ ಪೈರೆಥ್ರಾಯ್ಡ್ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ. ಸಿಂಪಡಿಸಿದ ಗದ್ದೆಯ ನೀರನ್ನು ಕೆರೆಗೆ ಬಸಿಯಲು ಬಿಡಬಾರದು.

ಹುಣ್ಣು ಕಂಡೊಡನೆ ಪ್ರತಿಜೀವಕ ಔಷಧವನ್ನು ಆಹಾರದಲ್ಲಿ ಬೆರೆಸುವುದು ಸಲ್ಲದು. ಅದು ರೋಗಾಣುವಿನೊಂದಿಗೆ ಉಪಕಾರಿಗಳನ್ನೂ ಕೊಲ್ಲುತ್ತದೆ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಬಳಕೆ ಮೀನು ಕೃಷಿಯಲ್ಲಿ ನಿಷಿದ್ಧ. ಅಂಗಡಿಯಲ್ಲಿ ದೊರೆಯುವ ಪ್ರೋಬಯಾಟಿಕ್ ಪುಡಿಯೂ ಸರ್ವರೋಗ ನಿವಾರಕವಲ್ಲ. ಆಮ್ಲಜನಕವಿಲ್ಲದ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾವೂ ಮೀನನ್ನು ಉಳಿಸದು. ಕೊಳೆತ ವಸ್ತುವನ್ನು ವಿಭಜಿಸುವ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ. ಕರಗಿದ ಆಮ್ಲಜನಕವು ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿರುವುದು ಒಳ್ಳೆಯದು. ಸೂರ್ಯೋದಯಕ್ಕೆ ಮುನ್ನ ಅದು ಅತಿ ಕಡಿಮೆಯಿರುತ್ತದೆ. ಆ ಹೊತ್ತಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಹಾರ ಮತ್ತು ಸಗಣಿ ಹಾಕುವುದನ್ನು ನಿಲ್ಲಿಸಿ, ಪಂಪಿನಿಂದ ನೀರನ್ನೆತ್ತಿ ಎತ್ತರದಿಂದ ಚಿಮ್ಮಿಸಬೇಕು.

ಭಾರ ಲೋಹಗಳು ಮಾಂಸಕ್ಕಿಂತ ಯಕೃತ್ತು, ಮೂತ್ರಪಿಂಡ ಮತ್ತು ಕಿವಿರುಗಳಲ್ಲಿ ಹೆಚ್ಚು ಸಂಗ್ರಹವಾಗುತ್ತವೆ. ಸಂಶಯವಿರುವ ಕೆರೆಯ ಮೀನನ್ನು ಪರೀಕ್ಷಿಸದೆ ಮಾರಬಾರದು. ಅಂತಹ ಕೆರೆಯ ಸಣ್ಣ ಮೀನುಗಳನ್ನು ಕರುಳು ಸಮೇತ ಹುರಿದು ತಿನ್ನುವ ಪದ್ಧತಿಯನ್ನು ಬಿಡುವುದು ಲೇಸು.

ಮೀನುಗಳು ಒಮ್ಮೆಲೇ ಸಾಯತೊಡಗಿದರೆ ಹೊಸ ನೀರು ಹಾಯಿಸುವುದಕ್ಕೆ ಮೊದಲೇ ಒಂದು ಲೀಟರ್ ನೀರನ್ನು ಶುದ್ಧ ಬಾಟಲಿಯಲ್ಲಿ ತುಂಬಿಡಬೇಕು. ಪೂರ್ತಿ ಸಾಯದ ಎರಡು ಮೂರು ಮೀನುಗಳನ್ನು ಮಂಜುಗಡ್ಡೆಯಲ್ಲಿಟ್ಟು, ಈ ನೀರಿನೊಂದಿಗೆ ಅದೇ ದಿನ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಲುಪಿಸಬೇಕು.